ಹೆಸರು ಬದಲಾಯಿಸಿದರೆ ಹೊಸ ಯೋಜನೆ ಆಗುತ್ತದೆಯೇ?

ಮಾನ್ಯ ಸಂಪಾದಕರೇ,

ಥೆರಪಿ ಕೇಂದ್ರದಲ್ಲಿ ಮಗುವನ್ನು ಕೋಣೆಯೊಳಗೆ ಕೂಡಿಹಾಕಿದ ಸುದ್ದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದೊಂದೇ ಕೇಂದ್ರದ ಕಥೆ ಅಂತ ಯಾರೂ ಅಂದುಕೊಳ್ಳಬೇಡಿ. ನನ್ನ ಮಗನಿಗೆ ಆಟಿಸಂ ಇದೆ. ಸುದ್ದಿ ಓದಿ ಗಾಬರಿಯಾಗಿ, ಅವನ ವರ್ತನೆ ತಿದ್ದಲು ಮಾಡಿರುವ ಯೋಜನೆ ತೋರಿಸಿ ಎಂದು ಅವನ ಕೇಂದ್ರದವರನ್ನು ಕೇಳಿದೆ. ರಜೆ ಹಾಕಿ ಹೋದವಳನ್ನು ಮಧ್ಯಾಹ್ನದವರೆಗೆ ಸುಮ್ನೆ ಹೊರಗೆ ಕೂರಿಸಿದರು. ಕೊನೆಗೆ ಕೊಟ್ಟ ಹಾಳೆಯಲ್ಲಿ ಬೇರೆ ಮಗುವಿನ ಹೆಸರು ಹಾಗೇ ಉಳಿದಿತ್ತು!

'ಹೊಡೆದರೆ ಟೈಮ್ ಔಟ್' ಎಂದು ಅದರಲ್ಲಿದೆ, ಅಂದರೆ ಸ್ವಲ್ಪ ಹೊತ್ತು ಹೊರಗೆ ಕಳಿಸುವ ಶಿಕ್ಷೆ. ಯಾಕೆ ಹೊಡೆಯುತ್ತಾನೆ ಎಂಬುದು ಎಲ್ಲೂ ಇಲ್ಲ. ಬರೆಯಲು ಕೂರಿಸಿದಾಗ ಮಾತ್ರ ಅವನು ಹೊಡೆಯುವುದು. ಹೊಡೆದ ಕೂಡಲೇ ಹೊರಗೆ ಕಳಿಸಿದರೆ ಬರೆಯುವುದು ತಪ್ಪಿತಲ್ವಾ? ನಾಳೆ ಇನ್ನೂ ಜಾಸ್ತಿ ಹೊಡೆಯುತ್ತಾನೆ. ಹೊಡೆಯುವ ಮುಂಚೆ ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು ಎಂದು ಕೆಲವು ದಿನ ಬರೆದಿಟ್ಟಿದ್ದರೆ ಇದು ಗೊತ್ತಾಗುತ್ತಿತ್ತು. ಸಾಕಾದಾಗ 'ಬ್ರೇಕ್ ಬೇಕು' ಎಂದು ಕಾರ್ಡ್ ತೋರಿಸುವುದನ್ನು ಕಲಿಸಬಹುದಿತ್ತು. ಅದನ್ನೂ ಮಾಡಿಲ್ಲ.

ವರ್ತನಾ ತಜ್ಞರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಬಿಎಸಿಬಿ ಸಂಸ್ಥೆಯ ಹೊಸ ನೀತಿ ಸಂಹಿತೆ 2022ರಲ್ಲೇ ಜಾರಿಗೆ ಬಂದಿದೆ. ಮೃದುವಾದ ದಾರಿಗಳು ಫಲಿಸದಿದ್ದಾಗ, ಇಲ್ಲವೇ ಹಾಗೇ ಬಿಟ್ಟರೆ ಇನ್ನೂ ಹೆಚ್ಚಿನ ಅಪಾಯ ಇದ್ದಾಗ ಮಾತ್ರ ಶಿಕ್ಷೆಯ ಕ್ರಮ ಬಳಸಬಹುದು ಎನ್ನುತ್ತದೆ ಅದು. ಇಲ್ಲಿ ಮೊದಲ ದಿನವೇ ಶಿಕ್ಷೆ. ಪ್ರಶ್ನಿಸಿದರೆ, ಸೇರಿಸುವಾಗ ಸಹಿ ಹಾಕಿಸಿಕೊಂಡ ಫಾರಂ ಹಿಡಿದು 'ನೀವೇ ಒಪ್ಪಿದ್ದೀರಲ್ಲ' ಎನ್ನುತ್ತಾರೆ. ಏನು ಮಾಡುತ್ತೇವೆ ಎಂದೇ ಹೇಳದೆ ಪಡೆದದ್ದು ಒಪ್ಪಿಗೆಯೇ? ಇನ್ನು ಮಗು ಅಳುತ್ತಾ ಬೇಡ ಎಂದರೆ ಅದನ್ನು 'ಹಠ' ಎಂದು ಬರೆದುಕೊಳ್ಳುತ್ತಾರೆ. ಮಾತು ಬಾರದ ಮಗು ಬೇಡ ಅನ್ನುವುದು ಇನ್ನು ಹೇಗೆ?

ಅಧಿಕಾರಿಗಳಿಗೆ ಇದೆಲ್ಲ ಬೇಕಿಲ್ಲ. ತಪಾಸಣೆಗೆ ಬಂದರೆ ಬೋರ್ಡು, ಹಾಜರಿ ಪುಸ್ತಕ ನೋಡಿ ಹೋಗುತ್ತಾರೆ. ಇದೇ ಜನ ಹಿಂದೆ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ನಮ್ಮನ್ನು ಕಿಟಕಿಯಿಂದ ಕಿಟಕಿಗೆ ಅಲೆಸಿದ್ದರು. ಗದ್ದಲ ತಡೆಯಲಾರದ ಮಕ್ಕಳನ್ನು ಕಿಕ್ಕಿರಿದ ಹಾಲ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿದ್ದರು. ದೂರು ಕೊಟ್ಟರೆ 'ನಮ್ಮ ವಿಭಾಗಕ್ಕೆ ಬರಲ್ಲ' ಎನ್ನುತ್ತಾರೆ. ಹಾಗಾದರೆ ಯಾರ ವಿಭಾಗಕ್ಕೆ ಬರುತ್ತದೆ?

ಇಂಥ ಕೇಂದ್ರಗಳನ್ನು ಮುಚ್ಚಿಸಿ. ಮುಚ್ಚಿದರೆ ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು ಎಂದೂ ಅಧಿಕಾರಿಗಳೇ ಹೇಳಲಿ. ಇಲ್ಲವೇ ಪ್ರತಿ ಮಗುವಿನ ಫೈಲ್ ತರಿಸಿ ಕೂತು ಓದಲಿ. ಸಂಬಳ ತೆಗೆದುಕೊಳ್ಳುವವರು ಅಷ್ಟಾದರೂ ಮಾಡಬಾರದೇ?

– ನೊಂದ ತಾಯಿ