ಮೂರೇ ಮೂರು ಗುಂಡಿ ಚಿಪ್ಪಿಗಾಗಿ

ಮಾನ್ಯರೇ,

ನಮ್ಮತ್ತೆಯ ಹೊಲಿಗೆ ಡಬ್ಬ ಈಗ ನನ್ನ ಪಾಲಿಗೆ ಬಂದಿದೆ. ಒಳಗೆ ಬಟ್ಟೆ ಹೊದಿಸಿ ಗುಂಡಿ ಮಾಡುವ ತಗಡಿನ ಚಿಪ್ಪು, ಅದನ್ನು ಒತ್ತುವ ಅಚ್ಚು, ಬೆಲ್ಟಿನ ಬಕಲ್, ಸುರುಳಿ ಸುತ್ತಿದ ಬಕ್ರಂ (ಬಿಗಿ ಕೊಡಲು ಒಳಗಿಡುವ ಗಡಸು ಬಟ್ಟೆ). ಚಿಪ್ಪಿನ ಪೊಟ್ಟಣದ ಮೇಲೆ ‘24’ ಎಂದಿದೆ. ಅದು ಗುಂಡಿ ಅಳೆಯುವ ‘ಲೈನ್’ ಅಳತೆ; ಅಂಗುಲಕ್ಕೆ 40 ಲೈನ್ ಲೆಕ್ಕ, ಅಂದರೆ ಸುಮಾರು 15 ಮಿ.ಮೀ. ಅಗಲ. ಬಟ್ಟೆಯನ್ನು ಹತ್ತಿರಹತ್ತಿರ ಅದರ ಎರಡರಷ್ಟು ಅಗಲಕ್ಕೆ ದುಂಡಗೆ ಕತ್ತರಿಸಬೇಕು. ಜಾಸ್ತಿಯಾದರೆ ಹಿಂದಿನ ಮುಚ್ಚಳ ಕೂರುವುದಿಲ್ಲ. ತೆಳು ರೇಷ್ಮೆಗೆ ಒಳಗೊಂದು ಅಸ್ತರಿ ಬೇಕು, ಇಲ್ಲದಿದ್ದರೆ ತಗಡು ಮಿನುಗುತ್ತದೆ. ಇದನ್ನು ಕಲಿಯುವಷ್ಟರಲ್ಲಿ ಆರು ಚಿಪ್ಪು ಹಾಳು ಮಾಡಿದೆ!

ಅತ್ತೆಯ ಹರಿದ ಮೈಸೂರು ಸಿಲ್ಕ್ ಸೀರೆಯಿಂದ ಮಗಳ ಕುರ್ತಾಗೆ ಗುಂಡಿ, ಬಕ್ರಂ ಇಟ್ಟು ಒಂದು ಬೆಲ್ಟ್ ಮಾಡಿದೆ. ಮೂರು ಗುಂಡಿ ಕಮ್ಮಿ ಬಿತ್ತು. ಚಿಕ್ಕಪೇಟೆಯಲ್ಲಿ ಅರ್ಧ ದಿನ ಅಲೆದೆ. ಒಬ್ಬರು ‘ಪ್ಲಾಸ್ಟಿಕ್ ತಗೊಳ್ಳಿ ಅಮ್ಮಾ’ ಅಂದರು. ಇನ್ನೊಬ್ಬರು ಒಂದು ಗ್ರೋಸ್, ಅಂದರೆ 144, ತೆಗೆದುಕೊಂಡರೆ ಮಾತ್ರ ಅಂದರು.

ಇಂಥ ಡಬ್ಬಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಸುಮ್ನೆ ಬಿದ್ದಿರುತ್ತವೆ ಅಲ್ವಾ? ಬಿಡಿ ಚಿಪ್ಪು ಮಾರುವ, ಗುಂಡಿ ಒತ್ತಿಕೊಡುವ ಅಂಗಡಿಗಳ ವಿಳಾಸವನ್ನು ನಿಮ್ಮ ಪುರವಣಿಯಲ್ಲಿ ಹಾಕಿದರೆ ದೊಡ್ಡ ಉಪಕಾರ. ಕುರ್ತಾ ಇನ್ನೂ ಪಿನ್ನಿನಲ್ಲೇ ನಿಂತಿದೆ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು