ಕುಳ್ಳನಿಗೆ, ತುಪ್ಪದ ವಿಚಾರವಾಗಿ

ಕುಳ್ಳಾ,

ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ವಾಟ್ಸಾಪಿನಲ್ಲಿ ಕಳಿಸಿದರೆ ನೀನು ನೀಲಿ ಟಿಕ್ ತೋರಿಸಿ ಸುಮ್ನೆ ಇದ್ದುಬಿಡುತ್ತೀಯ. ಇಲ್ಲಿ ಹಾಕಿದರೆ ನಾಲ್ಕು ಜನರ ಎದುರು ಬೈಯುವುದಕ್ಕಾದರೂ ಬರುತ್ತೀಯ. (ಓದುತ್ತಿರುವ ಉಳಿದವರೇ, ಕುಳ್ಳ ಆರಡಿ ಇದ್ದಾನೆ. ಯಾಕೆ ಅಂತ ಕೇಳಬೇಡಿ.) ಕೊಡೆಯ ವಿಷಯ ಮಾತ್ರ ಎತ್ತಬೇಡ.

ಆ ಮದುವೆ ಮುಗಿದ ರಾತ್ರಿ ನೀನು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ನೋಡ್ಲಿಲ್ವೇನೋ?" ನಾನು, "ಇಲ್ಲ ಮಾರಾಯ, ಗದ್ದಲ" ಅಂದೆ. ಅಂದವನು ಮೂರು ವಾರದಿಂದ ಆ ಸುಳ್ಳಿಗೆ, ತಡಿ, ಆ ಮಾತಿಗೆ, ಸಾಕ್ಷಿ ಹುಡುಕುತ್ತಿದ್ದೇನೆ. ಸಿಕ್ಕಿದೆ ಕೂಡ, ರಾಶಿ.

ಗೊರಿಲ್ಲಾ ವಿಡಿಯೋ ನಿನಗೆ ಗೊತ್ತು, ಹಾಸ್ಟೆಲಿನಲ್ಲಿ ನೋಡಿದ್ದೆವು, ನೀನು ಮೊದಲ ಸಲವೇ ಹಿಡಿದು ಎಲ್ಲರ ಮಜಾ ಕೆಡಿಸಿದ್ದೆ. 1999ರಲ್ಲಿ ಹಾರ್ವರ್ಡಿನ ಸೈಮನ್ಸ್ ಮತ್ತು ಷಾಬ್ರಿ ಮಾಡಿದ್ದು ಅದು. ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ಪಾಸ್ ಮಾಡಿದರು ಅಂತ ಎಣಿಸಬೇಕು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ಹೆಚ್ಚು ಕಡಿಮೆ ಅರ್ಧ ಜನಕ್ಕೆ ಅದು ಕಾಣುವುದೇ ಇಲ್ಲ.

"ಆದ್ರೆ ನೀನು ನನ್ನ ಕಡೆ ನೋಡಿದೆ ಕಣೋ" ಅಂತೀಯ. ಅದಕ್ಕೂ ಉತ್ತರ ಇದೆ. 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತು ಜೊತೆಯವರು 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟು ಹುಡುಕಿ ಅಂದರು. ಒಂದು ಸ್ಕ್ಯಾನಿನೊಳಗೆ ಗೊರಿಲ್ಲಾ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನ ಕಾಣಲಿಲ್ಲ ಅಂದರು. ಕಣ್ಣಿನ ಚಲನೆ ಅಳೆದು ನೋಡಿದರೆ ಅವರಲ್ಲಿ ಮುಕ್ಕಾಲು ಅಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಜನರ ದೃಷ್ಟಿ ಸರಿಯಾಗಿ ಗೊರಿಲ್ಲಾ ಮೇಲೇ ನಿಂತಿತ್ತು! ಅಂದರೆ ಕಣ್ಣಿಗೆ ಕಣ್ಣು ಸೇರಿತ್ತು ಅನ್ನುವುದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕೇಸ್ ಗೆದ್ದೆ ಅಂದುಕೊಂಡೆ.

ಅಲ್ಲಿಗೇ ಪುಸ್ತಕ ಮುಚ್ಚಬೇಕಿತ್ತು.

1998ರ ಇನ್ನೊಂದು ಪ್ರಯೋಗ ಇದೆ, ಸೈಮನ್ಸ್ ಮತ್ತು ಲೆವಿನ್ ಅವರದ್ದು, ಕಾರ್ನೆಲ್ ವಿಶ್ವವಿದ್ಯಾಲಯದ ಆವರಣದಲ್ಲಿ. ಒಬ್ಬ ಬಂದು ದಾರಿ ಕೇಳುತ್ತಾನೆ. ದಾರಿ ಹೇಳುತ್ತಿರುವಾಗ ಇಬ್ಬರು ಒಂದು ಬಾಗಿಲು ಹೊತ್ತುಕೊಂಡು ನಡುವೆ ನುಗ್ಗುತ್ತಾರೆ. ಬಾಗಿಲು ದಾಟುವಷ್ಟರಲ್ಲಿ ದಾರಿ ಕೇಳಿದವನೇ ಬದಲು. 15 ಜನರಲ್ಲಿ 8 ಮಂದಿ ಏನೂ ಆಗದವರ ಹಾಗೆ ದಾರಿ ಹೇಳುತ್ತಾ ಹೋದರು. ಗುರುತಿಸಿದವರೆಲ್ಲ ದಾರಿ ಕೇಳಿದವರ ವಯಸ್ಸಿನ ವಿದ್ಯಾರ್ಥಿಗಳೇ. ಸರಿ ಅಂತ ಇವರು ಮುಂದಿನ ಸಲ ಕಟ್ಟಡ ಕೆಲಸದವರ ಬಟ್ಟೆ, ಹೆಲ್ಮೆಟ್ ಹಾಕಿಕೊಂಡು ಬಂದರು. ಅದೇ ವಯಸ್ಸಿನ 12 ವಿದ್ಯಾರ್ಥಿಗಳಲ್ಲಿ ಗುರುತಿಸಿದವರು 4. ಒಬ್ಬಾಕೆ ಆಮೇಲೆ ಒಪ್ಪಿಕೊಂಡಳು: ಆಕೆಗೆ ಕಂಡದ್ದು ಒಬ್ಬ ಕೆಲಸದವನು, ಅಷ್ಟೇ. ಯಾರು ಅಂತ ನೋಡಿರಲಿಲ್ಲ.

ಇದನ್ನು ಓದಿದಾಗ ರಾತ್ರಿ ಒಂದು ಗಂಟೆ. ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ, ಅಲ್ವಾ? ನೀನು ಕ್ಯಾಪು, ಏಪ್ರನ್ ಹಾಕಿದ್ದೆ, ನಾನು ಆಫೀಸಿನವರ ಜೊತೆ ಎಲೆ ಮುಂದೆ ಕೂತಿದ್ದೆ, ನನಗೆ ಕಂಡದ್ದು ಬಡಿಸುವವರಲ್ಲಿ ಒಬ್ಬ. ಹೀಗೆ ಬರೆದು ಕಳಿಸಿದರೆ ನೀನು ನಂಬಿಬಿಡುತ್ತಿದ್ದೆ. ಅದೇ ಹೆದರಿಕೆ ಆಯಿತು.

ಯಾಕಂದರೆ ನೀನು ತುಪ್ಪದ ಗಿಂಡಿ ಹಿಡಿದು ಸಾಲಿನಲ್ಲಿ ಎಲ್ಲರ ಹೋಳಿಗೆಗೂ ಹಾಕುತ್ತಾ ಬಂದೆ, ನನ್ನ ಎಲೆ ಮುಂದೆ ಒಂದು ಕ್ಷಣ ನಿಂತೆ, ಹಾಕದೆ ಮುಂದೆ ಹೋದೆ. ನನಗೆ ತುಪ್ಪ ಆಗಲ್ಲ ಅಂತ ಆ ಇಡೀ ಛತ್ರದಲ್ಲಿ ಗೊತ್ತಿದ್ದವನು ನೀನೊಬ್ಬ. ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರ್, "ಏನ್ರೀ, ನಿಮಗೆ ಬಡಿಸಲೇ ಇಲ್ಲ" ಅಂದರು. ನಾನು ನಕ್ಕೆ. ಎಲೆಯಲ್ಲಿದ್ದ ಉಪ್ಪಿನಕಾಯಿ ನೋಡುತ್ತಾ ನಕ್ಕೆ.

ನಾನು ಗೊರಿಲ್ಲಾ ಕಂಡವರ ಗುಂಪಿನವನು ಕಣೋ. ಕಂಡೂ ಚೆಂಡು ಎಣಿಸುತ್ತಾ ಕೂತವನು. ನಿನ್ನ ಕೆಲಸ ಹೋದದ್ದೂ ನನಗೆ ಗೊತ್ತಿತ್ತು. ಎರಡು ತಿಂಗಳು ಮುಂಚೆಯೇ. ಫೋನ್ ಮಾಡಿ ಏನು ಹೇಳಲಿ ಅಂತ ಯೋಚಿಸುತ್ತಾ ಮಾಡಲೇ ಇಲ್ಲ.

ಇಷ್ಟೆಲ್ಲ ಬರೆಯುವ ಪ್ಲಾನ್ ಇರಲಿಲ್ಲ. ವಿಜ್ಞಾನ ಲೇಖನ ಬರೆದು ನಾಲ್ಕು ಲೈಕ್ ತಗೊಳ್ಳೋಣ ಅಂತಿದ್ದೆ. ಅಳಿಸಿಬಿಡಲಾ ಅಂತ ಎರಡು ಸಲ ಅನ್ನಿಸಿತು, ಆದರೆ ಆ ರೇಡಿಯಾಲಜಿಸ್ಟ್‌ಗಳ ಪ್ಯಾರಾ ಚೆನ್ನಾಗಿ ಬಂದಿದೆ.

ಶನಿವಾರ ಊರಿಗೆ ಬರುತ್ತೇನೆ. ಬಾಗಿಲು ತೆಗಿ, ತೆಗೆಯದಿದ್ದರೆ ನಿಮ್ಮಮ್ಮನಿಗೆ ಫೋನ್ ಮಾಡುತ್ತೇನೆ. ಬರುವಾಗ ಕೊಡೆ ತರುತ್ತೇನೆ. ಹೌದು, ಅದು ನನ್ನ ಹತ್ತಿರಾನೇ ಇದೆ. ಅದೂ ಕಂಡಿತ್ತು.

ನಿನ್ನ,
ಹನ್ನೊಂದು ದೋಸೆ