ರಂಗಮಂದಿರದ ಗೋಡೆಗೂ ನಾಲ್ಕು ಬಟನ್ ಇರಲಿ

ಮಾನ್ಯ ಸಂಪಾದಕರೇ,

ಹೊಸ ರಂಗಮಂದಿರ ಕಟ್ಟುವವರು ಬೆಳಕನ್ನೆಲ್ಲ ನಿಯಂತ್ರಿಸುವ ಕನ್ಸೋಲ್‌ಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ವೇದಿಕೆಯ ಪಕ್ಕದ ಗೋಡೆಗೆ ನಾಲ್ಕು ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ಬೆಳಕಿನ) ಬಟನ್, ಎರಡು ಸ್ಲೈಡರ್ ಇರುವ ಒಂದು ಸಣ್ಣ ಪೆಟ್ಟಿಗೆ ಹಾಕಿಸಿ ಅಂದರೆ ಮಾತ್ರ 'ಅದೆಲ್ಲ ಹಳೇ ಕಾಲದ್ದು' ಅನ್ನುತ್ತಾರೆ. ನಾಟಕಗಳಿಗೆ ಬೆಳಕು ಮಾಡುವ ನನಗೆ ಇದು ಒಪ್ಪಿಗೆಯಿಲ್ಲ.

ಮಂದಿರಗಳಲ್ಲಿ ನಾಟಕಕ್ಕಿಂತ ಭಾಷಣ, ಸಭೆ, ಸನ್ಮಾನವೇ ಜಾಸ್ತಿ. ಅದಕ್ಕೆ ಬೇಕಾದದ್ದು ವೇದಿಕೆ ಮೇಲೆ ಸಮನಾದ ಬೆಳಕು, ಅಷ್ಟೇ. ಅಷ್ಟಕ್ಕೆ ಯಾರೋ ಕಂಟ್ರೋಲ್ ರೂಮಿಗೆ ಹತ್ತಿ, ಕೈಗೆ ಸಿಕ್ಕ ಫೇಡರ್ (ಬೆಳಕು ಏರಿಳಿಸುವ ಸ್ಲೈಡರ್) ಎಳೆಯುತ್ತಾರೆ, ಸಿಕ್ಕ ಬಟನ್ ಒತ್ತುತ್ತಾರೆ. ಸಂಜೆ ನಾವು ಬಂದು ನೋಡಿದರೆ ಪ್ಯಾಚೇ, ಅಂದರೆ ಯಾವ ಫೇಡರಿಗೆ ಯಾವ ದೀಪ ಅನ್ನುವ ಜೋಡಣೆಯೇ, ಬದಲಾಗಿರುತ್ತದೆ!

ಈ ಪೆಟ್ಟಿಗೆಯಲ್ಲಿ ದೊಡ್ಡ ತಂತ್ರವೇನೂ ಇಲ್ಲ. ಸ್ಲೈಡರ್ ಸೊನ್ನೆಯಿಂದ 10 ವೋಲ್ಟ್‌ವರೆಗೆ ಕೊಡುತ್ತದೆ. ಇಂಥ ಏರಿಳಿಯುವ ವೋಲ್ಟೇಜ್ ತೆಗೆದುಕೊಳ್ಳುವ ಅನಲಾಗ್ ಇನ್‌ಪುಟ್ ಇರುವ ಕಂಟ್ರೋಲರ್ ಅದನ್ನು ಓದಿ, ದೀಪಗಳಿಗೆ ಮಟ್ಟ ತಿಳಿಸುವ ಡಿಜಿಟಲ್ ಸಂಕೇತವಾದ ಡಿಎಂಎಕ್ಸ್‌ನ 0ಯಿಂದ 255ರ ಮಟ್ಟಕ್ಕೆ ಬದಲಿಸುತ್ತದೆ. 5 ವೋಲ್ಟ್ ಬಂದರೆ ಹೆಚ್ಚು ಕಡಿಮೆ ಅರ್ಧ. ಬಟನ್ ಮಾಡುವುದು ಎರಡು ವೈರ್ ಕೂಡಿಸುವ ಕೆಲಸ ಮಾತ್ರ. ಮೊದಲೇ ಉಳಿಸಿಟ್ಟ ದೃಶ್ಯವನ್ನು ಕಂಟ್ರೋಲರ್ ತನ್ನ ಫೇಡ್ ಸಮಯದಲ್ಲಿ, ಅಂದರೆ ಬೆಳಕು ನಿಧಾನವಾಗಿ ಬದಲಾಗುವ ಅವಧಿಯಲ್ಲಿ, ತಂದುಕೊಡುತ್ತದೆ. ಸಭೆಗಾದರೆ ಮೂರು ಸೆಕೆಂಡಿನ ಫೇಡ್ ಇಡಿ. ದೀಪ ಫಟ್ ಅಂತ ಆರಿದರೆ ಭಾಷಣಕಾರರು ಬೆಚ್ಚಿಬೀಳುತ್ತಾರೆ.

ಆದರೆ ಪೆಟ್ಟಿಗೆಯನ್ನು ಸುಮ್ನೆ ಜೋಡಿಸಿ ಹೋದರೆ ಅದೇ ತಲೆನೋವು. ಎಷ್ಟೋ ಕಡೆ ಕನ್ಸೋಲ್ ಮತ್ತು ಪೆಟ್ಟಿಗೆ ಎರಡರ ಮಟ್ಟಗಳಲ್ಲಿ ಹೆಚ್ಚಿನದೇ ಗೆಲ್ಲುವ ವ್ಯವಸ್ಥೆ ಇರುತ್ತದೆ. ಗೋಡೆಯ ಸ್ಲೈಡರನ್ನು ಯಾರೋ ಒಂದಿಷ್ಟು ಮೇಲೆ ಬಿಟ್ಟು ಹೋಗಿದ್ದಾರೆ ಅಂದುಕೊಳ್ಳಿ. ನಾನು ಕನ್ಸೋಲ್‌ನಲ್ಲಿ ಬ್ಲ್ಯಾಕ್‌ಔಟ್ (ಪೂರ್ತಿ ಕತ್ತಲು) ಕೊಟ್ಟರೂ ವೇದಿಕೆ ಮಂಕಾಗಿ ಉರಿಯುತ್ತಲೇ ಇರುತ್ತದೆ. ಸತ್ತು ಬಿದ್ದ ಪಾತ್ರ ಎದ್ದು ಹೋಗುವುದು ಎಲ್ಲರಿಗೂ ಕಾಣುತ್ತದೆ! ಆದ್ದರಿಂದ ಪ್ರದರ್ಶನದ ಹೊತ್ತಿಗೆ ಪೆಟ್ಟಿಗೆಯನ್ನು ಬಂದ್ ಮಾಡುವ ಕೀಲಿ ಸ್ವಿಚ್ ಬೇಕೇ ಬೇಕು. ಪ್ರೀಸೆಟ್ ಬದಲಿಸುವ ಅಧಿಕಾರ ಎಲ್ಲರಿಗೂ ಬೇಡ, ಬಟನ್ ಒತ್ತಿ ಅದನ್ನು ತರಿಸುವ ಅಧಿಕಾರ ಸಾಕು. ಅನಲಾಗ್ ವೈರನ್ನು ಡಿಮ್ಮರಿನ (ದೀಪದ ಬೆಳಕು ಏರಿಳಿಸುವ ಸಾಧನದ) ಮೇನ್ಸ್ ವೈರ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ವಿದ್ಯುತ್ ಅಡಚಣೆ (ನಾಯ್ಸ್) ಸೇರಿಕೊಂಡು ದೀಪ ಮಿಣುಕಬಹುದು.

ಮೊಬೈಲ್ ಆ್ಯಪ್ ಇದೆಯಲ್ವಾ ಅಂತ ಕೇಳುವವರಿದ್ದಾರೆ. ಇದೆ, ನಾನೂ ದೀಪ ಫೋಕಸ್ ಮಾಡುವಾಗ ಬಳಸುತ್ತೇನೆ. ಆದರೆ ಆ್ಯಪ್ ಇರುವ ಫೋನ್ ಯಾರ ಜೇಬಿನಲ್ಲಿದೆ ಅಂತ ಸಭೆಯ ನಡುವೆ ಹುಡುಕುವುದು ಯಾರು?

ಟೆಂಡರ್ ಬರೆಯುವವರು ಈ ಪೆಟ್ಟಿಗೆ ಮತ್ತು ಅದರ ಕೀಲಿ, ಎರಡನ್ನೂ ಪಟ್ಟಿಗೆ ಸೇರಿಸಲಿ.

ಇತಿ,
ಹವ್ಯಾಸಿ ನಾಟಕ ತಂಡವೊಂದರ ಬೆಳಕಿನ ನಿರ್ವಾಹಕ